ತಲೆಕೆಳಗಾದ ಹೂ

‘ಹೂವಿನಿಂದ ನಾರಿಯೂ ಸ್ವರ್ಗಕ್ಕೆ’ ಎಂದು ಗಾದೆ ತಿರುಚಿ ನಗಿಸುತ್ತಿದ್ದವನು ನಾನೇ. ಆಮೇಲೆ ನಡೆದದ್ದು ಮಾತ್ರ ತಾಯಾಣೆಗೂ ನಿಜ.

ಪುಯೆಬ್ಲಾ ಸೀಮೆಯ ನಮ್ಮ ಪುಟ್ಟ ಊರಿನ ಚಿತ್ರಶಾಲೆಯಲ್ಲಿ, ಬಂದವರಿಗೆ ಚಿತ್ರಗಳನ್ನು ವಿವರಿಸುವುದು ನನ್ನ ಮತ್ತು ಓಟಿಲಿಯಾಳ ಕೆಲಸ. ಅಲ್ಲಿ ಸೀಬೆತೋಟದಲ್ಲಿ ನಿಂತ ಹುಡುಗಿಯದೊಂದು ಹಳೆಯ ಚಿತ್ರವಿದೆ. ಮುಖ ಥೇಟು ಓಟಿಲಿಯಾಳದೇ. ನಮ್ಮ ಹಳೆಯ ಚಿತ್ರಕಾರರು ಬದುಕಿದ್ದವರ ಕೈಗೆ ಹೂವನ್ನು ನೆಟ್ಟಗೆ ಕೊಡುತ್ತಿದ್ದರು, ಸತ್ತವರ ಕೈಗೆ ತಲೆಕೆಳಗಾಗಿ. ಈ ಹುಡುಗಿಯ ಹೂ ನೆಟ್ಟಗಿತ್ತು.

ಓಟಿಲಿಯಾಳನ್ನು ಬೆಚ್ಚಿಬೀಳಿಸೋಣವೆಂದು, ಬೆಳಿಗ್ಗೆ ಕಾಗದದಲ್ಲಿ ತಲೆಕೆಳಗಾದ ಹೂ ಬರೆದು ಚಿತ್ರದ ಹೂವಿನ ಮೇಲೆ ಬರುವಂತೆ ಗಾಜಿಗೆ ಅಂಟಿಸಿದೆ.

ಮಧ್ಯಾಹ್ನ ಅವಳು ಜನರನ್ನು ಕರೆತಂದು, “ಹೂ ನೆಟ್ಟಗಿದೆ ನೋಡಿ, ಹುಡುಗಿ ಬದುಕಿದ್ಲು” ಎನ್ನುತ್ತ ತಿರುಗಿದವಳೇ ಹೆಜ್ಜೆ ಹಿಂದಿಟ್ಟಳು.

ನಾನು ಅವಳದೇ ದನಿಯಲ್ಲಿ ಅಣಕಿಸಿದೆ: “ಅಯ್ಯಯ್ಯೋ, ನಾನು ಹೋಗೇಬಿಟ್ನಲ್ಲಪ್ಪಾ!”

ಜನರೆಲ್ಲ ನಕ್ಕರು.

“ಥೂ, ನಿಮ್ಮ ಮೂತಿಗಿಷ್ಟು! ನಿಮ್ದೇ ಕಿತಾಪತಿ ತಾನೇ ಎವರಿಸ್ತಣ್ಣ? ಕೀಳ್ರಿ ಅದನ್ನ!”

ಕೀಳಲು ಉಗುರು ಹಾಕಿದೆ. ಆ ಸುಡುಬಿಸಿಲಲ್ಲೂ ಗಾಜು ಬಾವಿನೀರಿನಂತೆ ತಣ್ಣಗಿತ್ತು. ಎಷ್ಟು ಕೆರೆದರೂ ಕಾಗದದ ಅಂಚು ಸಿಗಲಿಲ್ಲ. ಕೆಳಗೆ ನೋಡಿದೆ. ನಾನು ಅಂಟಿಸಿದ ಕಾಗದ ನೆಲದ ಮೇಲೆ ಬಿದ್ದಿತ್ತು. ಗಾಜಿನೊಳಗೆ ಹೂ ತಲೆಕೆಳಗಾಗಿಯೇ ಇತ್ತು.

ಅವಳಿಗೆ ಕಾಣದಂತೆ ಕಾಗದದ ಮೇಲೆ ಕಾಲಿಟ್ಟು ಮುಚ್ಚಿದೆ.

“ನಾಟಕ ಸಾಕಣ್ಣ, ತೆಗೀರಿ” ಎನ್ನುತ್ತ ಓಟಿಲಿಯಾ ಎಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದಳು.