ಚಿಟಿಕೆ ನೋಡಿದರೆ ಅಪ್ಪ ಸೋಲುತ್ತಾನೆ

"ಮುಗೀತಾ?" ಬಚ್ಚಲುಮನೆಯೊಳಗಿಂದ ಚಿಟಿಕೆ ಕೂಗಿದಳು.

"ಏನು ಮುಗೀಬೇಕು? ಮೊದಲು ನೀನು ಹೊರಗೆ ಬಾ. ಆಗಿನಿಂದ ನಲ್ಲಿ ಬಿಟ್ಕೊಂಡು ಏನೇ ಮಾಡ್ತಿದ್ದೀಯ ಅಲ್ಲಿ?"

"ಅಪ್ಪನ ಮ್ಯಾಚು ಮುಗೀತಾ ಅಂತ ಕೇಳ್ದೆ, ಅಮ್ಮ!"

"ಈಗ ತಾನೆ ಮುಗೀತು. ಗೆದ್ದ ಕಣೇ! ಕೊನೇ ಶಾಟು ಎಂಥಾ ಚೆನ್ನಾಗಿತ್ತು ಗೊತ್ತಾ? ನೀನು ನೋಡ್ಬೇಕಿತ್ತು."

ಚಿಟಿಕೆ ಟಪ್ಪನೆ ನಲ್ಲಿ ನಿಲ್ಲಿಸಿ ಹೊರಗೆ ಓಡಿಬಂದಳು. ಅಮ್ಮನ ಫೋನಿನಲ್ಲಿ ಅಪ್ಪ ಯಾರದೋ ಕೈ ಕುಲುಕುತ್ತಿದ್ದ. ಅವಳು ಗಟ್ಟಿಯಾಗಿ ಚಪ್ಪಾಳೆ ಹೊಡೆದಳು. ಆದರೆ ಒಳಗೊಳಗೇ ಅಂದುಕೊಂಡಳು, "ನಾನು ನೋಡಲಿಲ್ಲವಲ್ಲ, ಅದಕ್ಕೇ ಗೆದ್ದ."

ಚಿಟಿಕೆ ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ಒಂದು ಚಿಟಿಕೆಯಷ್ಟಿದ್ದಳು ಅಂತ ಅಜ್ಜ ಹಾಗೆ ಕರೆದದ್ದು. ಈಗ ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ. ಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ.

ಅವಳಪ್ಪ ಸ್ನೂಕರ್ ಆಟಗಾರ. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಮೇಲೆ ಬಣ್ಣಬಣ್ಣದ ಚೆಂಡು, ಕೈಯಲ್ಲಿ ಉದ್ದನೆಯ ಕೋಲು. ಬಿಳಿ ಚೆಂಡಿಗೆ ಕೋಲಿನಿಂದ ಹೊಡೆದು, ಅದರಿಂದ ಬೇರೆ ಚೆಂಡುಗಳನ್ನು ಮೇಜಿನ ಅಂಚಿನ ತೂತುಗಳಿಗೆ ಬೀಳಿಸಬೇಕು. ಆ ತೂತಿಗೆ ಪಾಕೆಟ್ ಅನ್ನುತ್ತಾರೆ. ಮೇಜು ಒಂದು ಸಲ ಖಾಲಿಯಾದರೆ ಒಂದು ಫ್ರೇಮು ಮುಗಿದ ಹಾಗೆ. ಹೆಚ್ಚು ಅಂಕ ಗಳಿಸಿದವರದು ಆ ಫ್ರೇಮು.

ಬೇರೆಯವರ ಅಪ್ಪಂದಿರು ಆಫೀಸಿಗೆ ಹೋದ ಹಾಗೆ ಅವಳಪ್ಪ ಟೂರ್ನಮೆಂಟಿಗೆ ಹೋಗುತ್ತಾನೆ. ಶಾಲೆ ಶುರುವಾಗುವ ಹೊತ್ತಿಗೆ ಸೀಸನ್ನೂ ಶುರು. ಒಂದು ಊರು ಆದಮೇಲೆ ಇನ್ನೊಂದು ಊರು, ಒಂದು ಟೂರ್ನಮೆಂಟು ಆದಮೇಲೆ ಇನ್ನೊಂದು. ದೊಡ್ಡ ರಜೆ ಹತ್ತಿರವಾದಾಗಲೇ ಅದು ಮುಗಿಯುವುದು.

ಸೋತವರು ಮಾರನೇ ದಿನವೇ ಮನೆಗೆ. ಗೆದ್ದವರು ಅಲ್ಲೇ ಉಳಿದು ಮುಂದಿನ ಸುತ್ತು ಆಡಬೇಕು. ಅದಕ್ಕೇ ಅಪ್ಪ ಪ್ರತಿ ಸಲ ಹೊರಡುವಾಗ, "ಬೇಗ ಬರ್ತೀನಿ ಅನ್ನಲೋ, ಲೇಟಾಗಿ ಬರ್ತೀನಿ ಅನ್ನಲೋ?" ಅಂತ ಕೇಳುತ್ತಿದ್ದ. ಚಿಟಿಕೆಗೆ ಅಪ್ಪ ಬೇಗ ಬರಲಿ ಅಂತಲೂ ಆಸೆ, ಬಾರದೇ ಇರಲಿ ಅಂತಲೂ ಆಸೆ.

ಈ ವರ್ಷ ಅಪ್ಪ ಬೇಗ ಬೇಗ ಬರುತ್ತಿದ್ದ.

"ನೀನು ನೋಡ್ತೀಯಲ್ಲ, ಅದಕ್ಕೇ ಕಣೆ," ಅಂದವಳು ಪಕ್ಕದ ಬೆಂಚಿನ ರೇಡಿಯೊ. ಒಂದು ನಿಮಿಷವೂ ಬಾಯಿ ಮುಚ್ಚದಿದ್ದರಿಂದ ಕ್ಲಾಸಿನವರೆಲ್ಲ ಅವಳಿಗೆ ಇಟ್ಟ ಹೆಸರು ಅದು. "ಹೋದ ಮ್ಯಾಚು ನೋಡ್ದೆ, ಸೋತ್ರು. ಅದರ ಹಿಂದಿನದು ನೋಡ್ದೆ, ಆಗಲೂ ಸೋತ್ರು. ನಿಮ್ಮಪ್ಪನಿಗೆ ನಿನ್ನ ಕಣ್ಣು ಬೀಳ್ತಿದೆ."

"ಹೋಗೆ! ನಂದೇನು ಕೆಟ್ಟ ಕಣ್ಣಾ?"

"ಬೇಕಾದ್ರೆ ಒಂದ್ಸಲ ನೋಡದೇ ಇದ್ದು ನೋಡು."

ನೋಡದೇ ಇದ್ದಳು. ಅಪ್ಪ ಗೆದ್ದ. ಮತ್ತೊಂದು ಸಲ ಬಚ್ಚಲಲ್ಲಿ ಕೂತಳು. ಆಗಲೂ ಗೆದ್ದ. ಮಧ್ಯೆ ಒಂದೆರಡು ಸಲ ಸೋತ. ಆ ಸಲ ಬಾಗಿಲ ಸಂದಿಯಿಂದ ಚೂರೇ ಚೂರು ನೋಡಿಬಿಟ್ಟಿದ್ದೆನಲ್ಲ ಅಂತ ಚಿಟಿಕೆ ತನ್ನನ್ನೇ ಬೈದುಕೊಂಡಳು. ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ.

ಸೀಸನ್ನಿನ ಕೊನೆಯ ಟೂರ್ನಮೆಂಟು ಬಂತು. ಅದು ಅವರದೇ ಊರಿನ ದೊಡ್ಡ ಹಾಲ್‌ನಲ್ಲಿ. ಇದರಲ್ಲಿ ಮೊದಲ ಮ್ಯಾಚು ಗೆದ್ದರೆ ಅಪ್ಪ ಮುಂದಿನ ವರ್ಷವೂ ಆಡಬಹುದು. ಸೋತರೆ ಆಟಗಾರರ ಪಟ್ಟಿಯಿಂದ ಹೊರಗೆ. ಆಮೇಲೆ ಹೊಸಬರ ಜೊತೆ ಅರ್ಹತಾ ಪಂದ್ಯ ಆಡಿ, ಗೆದ್ದು, ಮತ್ತೆ ಒಳಗೆ ಬರಬೇಕು.

"ಈ ಸಲ ಫೋನಲ್ಲಲ್ಲ, ಎದುರಿಗೇ ಕೂತು ನೋಡಬಹುದು," ಅಂತ ಅಪ್ಪ ಎರಡು ಪಾಸು ತಂದು ಚಿಟಿಕೆಯ ಕೈಗೇ ಕೊಟ್ಟ. ಅವಳಿಗೆ ಕೈಯಲ್ಲಿ ಕೆಂಡ ಹಿಡಿದ ಹಾಗಾಯಿತು.

ಆ ಶನಿವಾರ ಅಪ್ಪ ಬೆಳಿಗ್ಗೆಯೇ ಹೊರಟುಹೋದ. ಅಮ್ಮ ಸೀರೆ ಉಟ್ಟು ರೆಡಿಯಾಗಿ ಬಂದರೆ ಚಿಟಿಕೆ ಹೊದಿಕೆಯೊಳಗೆ.

"ಹೊಟ್ಟೆ ನೋವು."

"ಈಗಷ್ಟೇ ಎರಡು ತಟ್ಟೆ ಖಾಲಿ ಮಾಡಿದ ಹೊಟ್ಟೇನಾ?" ಅಮ್ಮ ಹೊದಿಕೆ ಸರಿಸಿ ಪಕ್ಕದಲ್ಲಿ ಕೂತಳು. "ಏನಾಯ್ತು ಹೇಳು, ಬಂಗಾರ."

ಚಿಟಿಕೆ ಅತ್ತುಬಿಟ್ಟಳು. ಬಚ್ಚಲು, ರೇಡಿಯೊ, ಬಾಗಿಲ ಸಂದಿ, ಎಲ್ಲ ಒಟ್ಟಿಗೇ ಹೊರಗೆ ಬಂತು.

ಅಮ್ಮ ನಗಲಿಲ್ಲ. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು. "ನೋಡು ಮಗಳೇ, ಕಣ್ಣಿನಿಂದ ಏನೂ ಹೊರಗೆ ಹೋಗಲ್ಲ. ಬೆಳಕು ಒಳಗೆ ಬರುತ್ತೆ, ಅಷ್ಟೇ. ಇಷ್ಟು ವರ್ಷದಲ್ಲಿ ಎಷ್ಟು ಕಣ್ಣು ನೋಡಿದ್ದೀನೋ, ಹೊರಗೆ ಏನಾದ್ರೂ ಎಸೆಯೋ ಕಣ್ಣು ಒಂದೂ ಸಿಕ್ಕಿಲ್ಲ."

"ಆದ್ರೂ ನಂಗೆ ಭಯ ಆಗುತ್ತೆ."

"ಸರಿ. ಹಾಲ್‌ವರೆಗೂ ಬಾ. ಒಳಗೆ ಬರೋದು ಬಿಡೋದು ನಿನ್ನಿಷ್ಟ."

ಹಾಲ್‌ನ ಹೊರಗೆ ಉದ್ದನೆಯ ಪಡಸಾಲೆ. ಅದರ ಕೊನೆಯಲ್ಲಿ ದಪ್ಪ ಬಾಗಿಲು. ಪಕ್ಕದಲ್ಲಿ ಒಂದು ಬೆಂಚು, ಗೋಡೆಯ ಮೇಲೆ ಸ್ಕೋರು ತೋರಿಸುವ ಬೋರ್ಡು. ಬಾಗಿಲು ಕಾಯುವ ಅಂಕಲ್ ಬೆರಳನ್ನು ತುಟಿಯ ಮೇಲಿಟ್ಟು, "ಫ್ರೇಮು ನಡೀತಿರುವಾಗ ಬಾಗಿಲು ತೆಗೆಯೋ ಹಾಗಿಲ್ಲ. ಮುಗಿದ ಮೇಲಷ್ಟೇ," ಅಂತ ಪಿಸುಗುಟ್ಟಿದರು.

ಅಮ್ಮ ಒಳಗೆ ಹೋದಳು. ಚಿಟಿಕೆ ಬೆಂಚಿನ ಮೇಲೆ ಕೂತಳು.

"ಅಂಕಲ್, ಇಲ್ಲಿ ಹೊರಗೂ ಪಿಸುಗುಡಬೇಕಾ?" ಅವಳೂ ಪಿಸುಗುಟ್ಟಿ ಕೇಳಿದಳು.

"ಇಲ್ಲಮ್ಮ, ಅಭ್ಯಾಸ ಆಗಿಬಿಟ್ಟಿದೆ. ಮನೇಲೂ ಹೀಗೇ ಮಾತಾಡ್ತೀನಿ. ಮನೆಯವಳು ಬೈತಾಳೆ."

ಚಿಟಿಕೆಗೆ ನಗು ಬಂತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ನಾಲ್ಕು ಫ್ರೇಮು ಮೊದಲು ಗೆದ್ದವರದು ಮ್ಯಾಚು. ಮೊದಲ ಫ್ರೇಮು ಅಪ್ಪನಿಗೆ ಬಂತು. ಆಮೇಲೆ ಒಂದರ ಹಿಂದೆ ಒಂದು ಮೂರು ಫ್ರೇಮು ಆ ಕಡೆಯವನಿಗೆ ಹೋದವು. ಅವನಿನ್ನೂ ಮೀಸೆ ಮೂಡುತ್ತಿರುವ ಹುಡುಗನಂತೆ. ಇದೇ ಅವನ ಮೊದಲ ಸೀಸನ್ನಂತೆ. ಅಂಕಲ್ ಪಿಸುಗುಟ್ಟಿ ಹೇಳಿದ್ದು.

ಚಿಟಿಕೆ ಕಣ್ಣನ್ನೂ ಮುಚ್ಚಿ ಕೂತಳು. ಬೋರ್ಡನ್ನು ನೋಡಿದರೂ ತಗಲುತ್ತದೋ ಏನೋ!

ಒಳಗೆ ಚಪ್ಪಾಳೆ ಕೇಳಿಸಿತು. ಬಾಗಿಲು ತೆರೆಯಿತು. ದಡಬಡ ಹೆಜ್ಜೆ ಹಾಕುತ್ತಾ ಒಬ್ಬ ಹೆಂಗಸು ಹೊರಗೆ ಬಂದು ಬೆಂಚಿನ ಮೇಲೆ ಧೊಪ್ಪನೆ ಕೂತರು. ಹೆಗಲಲ್ಲಿ ದೊಡ್ಡ ಚೀಲ, ಮುಖವೆಲ್ಲ ಬೆವರು.

"ನಾನು ಒಳಗೆ ಹೋಗಲೇಬಾರದಿತ್ತು," ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಚಿಟಿಕೆಯನ್ನು ನೋಡಿ, "ಅಷ್ಟು ಹೊತ್ತು ಕ್ಯಾಂಟೀನಿನಲ್ಲಿ ತೆಪ್ಪಗೆ ಕೂತಿದ್ದೆ ಕಣಮ್ಮ. ತಡೆಯಲಾರದೆ ಒಳಗೆ ಹೋದೆ. ಹೋದದ್ದೇ ತಡ, ಆ ಫ್ರೇಮು ಕೈಬಿಟ್ಟೇಹೋಯ್ತು," ಅಂದರು.

"ಯಾಕೆ ಆಂಟಿ, ಒಳಗೆ ಹೋದ್ರೆ ಏನಾಗುತ್ತೆ?"

"ನಾನು ನೋಡಿದ್ರೆ ನನ್ನ ಮಗ ಸೋಲ್ತಾನೆ. ಚಿಕ್ಕೋನಿದ್ದಾಗಿನಿಂದಲೂ ಹಾಗೇ. ನಾನು ಬಸ್ ಡ್ರೈವರು, ಗೊತ್ತಾ? ಎಂಥಾ ಟ್ರಾಫಿಕ್ ಇದ್ರೂ ಕೈ ಅಲ್ಲಾಡಲ್ಲ. ಈಗ ನೋಡು." ಅವರು ಎರಡೂ ಕೈ ಚಾಚಿದರು. ಬೆರಳುಗಳು ಎಲೆಯ ಹಾಗೆ ನಡುಗುತ್ತಿದ್ದವು.

ಚಿಟಿಕೆ ಕಣ್ಣರಳಿಸಿ ಅವರನ್ನೇ ನೋಡಿದಳು. ಆ ಕಡೆಯ ಹುಡುಗನ ಅಮ್ಮ ಇವರು! ಅಂದರೆ ಆ ಫ್ರೇಮು ಗೆದ್ದವನು ಅಪ್ಪ! ಕುಣಿಯಬೇಕು ಅನ್ನಿಸಿತು, ಆದರೆ ಆ ಬೆರಳುಗಳನ್ನು ನೋಡಿದರೆ ಕುಣಿಯುವ ಹಾಗಿರಲಿಲ್ಲ.

"ನಂದೂ ಹಾಗೇ ಆಂಟಿ," ಅಂದಳು ಮೆಲ್ಲಗೆ. "ನಾನು ನೋಡಿದ್ರೆ ನಮ್ಮಪ್ಪ ಸೋಲ್ತಾನೆ. ನಿಮ್ಮ ಮಗನ ಜೊತೆ ಆಡ್ತಿರೋದು ನಮ್ಮಪ್ಪನೇ."

ಆಂಟಿ ಚೀಲಕ್ಕೆ ಕೈ ಹಾಕಿ ಒಂದು ಬಿಸ್ಕೆಟ್ ಪೊಟ್ಟಣ ತೆಗೆದು ಇಬ್ಬರ ಮಧ್ಯೆ ಇಟ್ಟರು.

"ಅಂದ್ರೆ ನೀನೂ ಹೊರಗೆ, ನಾನೂ ಹೊರಗೆ," ಅಂದರು.

"ಹೂಂ."

"ಈಗ ಯಾರು ಗೆಲ್ಲಬೇಕು?"

ಚಿಟಿಕೆ ಬಿಸ್ಕೆಟ್ ಕಚ್ಚುತ್ತಾ ಯೋಚಿಸಿದಳು. ಆಂಟಿ ನೋಡದಿದ್ದರೆ ಅವರ ಮಗ ಗೆಲ್ಲಬೇಕು. ತಾನು ನೋಡದಿದ್ದರೆ ಅಪ್ಪ ಗೆಲ್ಲಬೇಕು. ಇಬ್ಬರೂ ಗೆಲ್ಲುವುದಾದರೆ ಸೋಲುವವರು ಯಾರು? ಬಾಗಿಲು ಕಾಯುವ ಅಂಕಲ್ಲಾ?

ದಪ್ಪ ಬಾಗಿಲಿನಾಚೆ ಚೆಂಡಿಗೆ ಚೆಂಡು ತಾಗುವ ಟಕ್ ಟಕ್ ಸದ್ದು. ಇಬ್ಬರೂ ಉಸಿರು ಹಿಡಿದು ಕೇಳಿದರು. ಕೊನೆಗೆ ಚಪ್ಪಾಳೆ. ಅಂಕಲ್ ಬಾಗಿಲು ತೆಗೆದು ಬಗ್ಗಿ ನೋಡಿ, ಹಿಂದೆ ತಿರುಗಿ ಪಿಸುಗುಟ್ಟಿದರು. "ಮೂರು, ಮೂರು. ಇನ್ನೊಂದೇ ಫ್ರೇಮು."

"ಅಯ್ಯೋ, ನಾನು ಹೊರಗೇ ಇದ್ದೆನಲ್ಲಪ್ಪ!" ಆಂಟಿ ಎದ್ದು ನಿಂತರು. "ಆದರೂ ನಿಮ್ಮಪ್ಪ ಗೆದ್ರಾ?"

"ನಾನೂ ಹೊರಗೇ ಇದ್ದೆ ಆಂಟಿ. ಆಗ ಮೂರು ಫ್ರೇಮು ಸೋತ, ಈಗ ಗೆದ್ದ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಆಂಟಿಗೆ ನಗು ಬಂತು. ಆಮೇಲೆ ಚಿಟಿಕೆಗೂ ಬಂತು. ಅಂಕಲ್ ಗಾಬರಿಯಿಂದ, "ಶ್! ಒಳಗೆ ಬರೋದಿದ್ರೆ ಬನ್ನಿ, ಬಾಗಿಲು ಹಾಕ್ತೀನಿ," ಅಂದರು.

ಆಂಟಿ ಕೈ ಚಾಚಿದರು. ಚಿಟಿಕೆ ಅದನ್ನು ಹಿಡಿದುಕೊಂಡಳು.

ಒಳಗೆ ಕತ್ತಲು, ಮಧ್ಯದಲ್ಲಿ ಬೆಳಕಿನಲ್ಲಿ ತೊಳೆದಿಟ್ಟ ಹಾಗೆ ಹಸಿರು ಮೇಜು. ಅಮ್ಮ ಅವಳನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಆಂಟಿ, ಮಧ್ಯೆ ಚಿಟಿಕೆ.

ಅಪ್ಪ ಕರಿ ಕೋಟು ಹಾಕಿಕೊಂಡು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಇನ್ನೊಬ್ಬರು ಆಡುವಾಗ ಕೂತು ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹುಡುಗ ಚೆಂಡು ಹಾಕುತ್ತಲೇ ಇದ್ದ. ಅಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ. ಅಷ್ಟು ಒಂಟಿಯಾಗಿ ಅಪ್ಪ ಕೂತಿದ್ದನ್ನು ಚಿಟಿಕೆ ಯಾವತ್ತೂ ನೋಡಿರಲಿಲ್ಲ.

ಹುಡುಗನಿಗೆ ಒಂದು ಚೆಂಡು ತಪ್ಪಿತು. ಅಪ್ಪ ಎದ್ದ. ಕೆಂಪು ಚೆಂಡುಗಳೆಲ್ಲ ಖಾಲಿಯಾದವು. ಹಳದಿ ಹೋಯಿತು. ಈಗ ಹಸಿರು ಚೆಂಡಿನ ಸರದಿ. ಆದರೆ ಬಿಳಿ ಚೆಂಡು ಕಂದು ಚೆಂಡಿನ ಹಿಂದೆ ಅಡಗಿ ಕೂತಿತ್ತು. ಹಸಿರಿಗೆ ನೇರ ದಾರಿಯೇ ಇಲ್ಲ.

ಅಪ್ಪ ಮೇಜಿನ ಸುತ್ತ ಒಂದು ಸುತ್ತು ಬಂದ. ಬಗ್ಗಿದ. ಹಸಿರು ಚೆಂಡು ಇರುವ ಕಡೆಗಲ್ಲ, ಅದರ ಎದುರು ದಿಕ್ಕಿಗೆ ಹೊಡೆದ. ಬಿಳಿ ಚೆಂಡು ಮೇಜಿನ ಒಂದು ಅಂಚಿಗೆ ಬಡಿಯಿತು, ಇನ್ನೊಂದು ಅಂಚಿಗೆ ಬಡಿಯಿತು, ಅಷ್ಟುದ್ದ ಮೇಜನ್ನು ದಾಟಿ ವಾಪಸು ಬಂತು. ಬಂದು ಹಸಿರಿಗೆ ಮೆತ್ತಗೆ ತಾಗಿತು. ಹಸಿರು ಉರುಳಿತು. ಉರುಳುತ್ತಾ ಹೋಗಿ, ಅಂಚಿನಲ್ಲಿ ಒಂಚೂರು ನಿಂತು, ಪಾಕೆಟ್ಟಿಗೆ ಬಿತ್ತು.

ಇಡೀ ಹಾಲ್ "ಹಾ!" ಅಂದಿತು. ಆ ಹುಡುಗನೂ ಕುರ್ಚಿಯಲ್ಲಿ ಕೂತೇ ಕೋಲಿನ ಹಿಂಬದಿಯಿಂದ ನೆಲ ತಟ್ಟಿ ಮೆಚ್ಚಿಗೆ ತೋರಿಸಿದ. ಆಂಟಿ, "ಅಬ್ಬಾ, ನಿಮ್ಮಪ್ಪ!" ಅಂತ ಚಿಟಿಕೆಯ ಕೈ ಒತ್ತಿದರು.

ಕಂದು, ನೀಲಿ, ಗುಲಾಬಿ ಒಂದೊಂದಾಗಿ ಹೋದವು. ಕೊನೆಗೆ ಕಪ್ಪು ಚೆಂಡು ಒಂದೇ ಉಳಿಯಿತು. ಇಬ್ಬರ ಅಂಕವೂ ಅಷ್ಟು ಹತ್ತಿರವಿತ್ತು, ಅದನ್ನು ಹಾಕಿದವರದೇ ಮ್ಯಾಚು.

ಅಪ್ಪ ಬಗ್ಗಿದ. ಚಿಟಿಕೆಯ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳಲು ಹೊರಟವು. ಅವಳು ಬಿಡಲಿಲ್ಲ, ಅಗಲವಾಗಿ ತೆರೆದೇ ಕೂತಳು. ಕಪ್ಪು ಚೆಂಡು ಪಾಕೆಟ್ಟಿನ ಬಾಯಿವರೆಗೂ ಹೋಯಿತು, ಎಡಗಡೆಯ ಮೂಲೆಗೆ ಬಡಿಯಿತು, ಬಲಗಡೆಗೆ ಬಡಿಯಿತು, ಹೊರಗೆ ಬಂದು ನಿಂತುಬಿಟ್ಟಿತು.

ಹುಡುಗ ಬಂದು ಅದನ್ನು ಒಂದೇ ಏಟಿಗೆ ಹಾಕಿದ.

ಆಂಟಿ ಚಪ್ಪಾಳೆ ಹೊಡೆಯಲಿಲ್ಲ. ಅವರ ಒಂದು ಕೈ ಇನ್ನೂ ಚಿಟಿಕೆಯ ಕೈಯಲ್ಲಿತ್ತು. "ಹೋಗಿ ಆಂಟಿ, ನಿಮ್ಮ ಮಗ ಹುಡುಕ್ತಿದ್ದಾನೆ," ಅಂತ ಚಿಟಿಕೆಯೇ ಕೈ ಬಿಡಿಸಿಕೊಂಡಳು. ಅಪ್ಪ ಸೋತಿದ್ದ. ಆದರೆ ಬಚ್ಚಲಿನಲ್ಲಿ ಕೂತಾಗೆಲ್ಲ ಎದೆಯಲ್ಲಿ ಕಲ್ಲಿಟ್ಟ ಹಾಗಾಗುತ್ತಿತ್ತಲ್ಲ, ಆ ಭಾರ ಈಗ ಇರಲಿಲ್ಲ. ಚೆಂಡು ಎಲ್ಲಿ ತಾಗಿತು, ಎಲ್ಲಿ ತಿರುಗಿತು, ಎಲ್ಲವನ್ನೂ ಅವಳು ಕಂಡಿದ್ದಳು. ಅಲ್ಲಿ ಅವಳ ಕಣ್ಣಿಗೆ ಯಾವ ಕೆಲಸವೂ ಇರಲಿಲ್ಲ.

ಅಪ್ಪ ಕೋಲಿನ ಪೆಟ್ಟಿಗೆ ಹಿಡಿದು ಹೊರಗೆ ಬಂದ. ಅಮ್ಮ ಅವನ ತೋಳಿಗೆ ಮೆತ್ತಿದ್ದ, ಕೋಲಿನ ತುದಿಗೆ ಹಚ್ಚುವ ಚಾಕ್ ಪುಡಿ ಒರೆಸಿದಳು.

"ಹೋಯ್ತು," ಅಂದ ಅಪ್ಪ. "ಫೇಲಾದವರು ಮತ್ತೆ ಪರೀಕ್ಷೆ ಬರೀಬೇಕು. ಬರೆಯೋಣ." ನಗಲು ನೋಡಿದ, ಪೂರ್ತಿ ಆಗಲಿಲ್ಲ.

ಮೂವರೂ ಬಸ್ ಸ್ಟಾಪಿನವರೆಗೆ ನಡೆದರು.

"ಅಪ್ಪ, ಕೊನೇ ಫ್ರೇಮು ನಾನು ನೋಡ್ದೆ. ಪೂರ್ತಿ."

ಅಪ್ಪ ನಿಂತ. "ಹೌದಾ? ಹಸಿರು ಚೆಂಡು ಹೋಗಿದ್ದು ನೋಡಿದ್ಯಾ?"

"ನೋಡ್ದೆ!"

"ನಂಗೆ ಕಾಣಲೇ ಇಲ್ಲ ಕಣೇ! ಸರಿಯಾಗಿ ಅದೇ ಹೊತ್ತಿಗೆ ರೆಫರಿ ಅಡ್ಡ ಬಂದುಬಿಟ್ರು. ಜನ ಕೂಗಿದಾಗಲೇ ಗೊತ್ತಾಗಿದ್ದು ಬಿತ್ತು ಅಂತ. ಆಮೇಲೆ ನೋಡೋಣ ಅಂದ್ರೆ ಈ ಮ್ಯಾಚಿಗೆ ಕ್ಯಾಮೆರಾನೂ ಇರಲಿಲ್ಲ." ಅಪ್ಪ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅವಳೆದುರು ಕುಕ್ಕರಗಾಲಲ್ಲಿ ಕೂತ. "ಹೇಗೆ ಹೋಯ್ತು ಹೇಳು."

ಚಿಟಿಕೆ ಒಂದು ಮುಷ್ಟಿಯನ್ನು ಬಿಳಿ ಚೆಂಡು ಮಾಡಿದಳು, ಇನ್ನೊಂದನ್ನು ಹಸಿರು ಮಾಡಿದಳು. "ಹೀಗೆ ಬಂತು ಅಪ್ಪ, ಮೆಲ್ಲಗೆ. ಇಷ್ಟೇ ಇಷ್ಟು ತಾಗ್ತು. ಹಸಿರು ಉರುಳ್ತಾ ಉರುಳ್ತಾ ಹೋಗಿ ಅಂಚಲ್ಲಿ ನಿಂತುಬಿಡ್ತು."

"ನಿಂತೇಬಿಡ್ತಾ?"

"ಒಂಚೂರು. ಬೀಳಲೋ ಬೇಡ್ವೋ ಅಂತ. ಆಮೇಲೆ ಬಿತ್ತು."

ಅಪ್ಪನ ಮುಖ ಮೆಲ್ಲಗೆ ಅರಳತೊಡಗಿತು. ಬಸ್ಸು ಬಂತು, ಹೋಯಿತು. ಅಮ್ಮ ಅದಕ್ಕೆ ಕೈ ಅಡ್ಡ ಹಿಡಿಯಲಿಲ್ಲ.

"ಇನ್ನೊಂದ್ಸಲ ಹೇಳು," ಅಂದ ಅಪ್ಪ.

ಚಿಟಿಕೆ ಮತ್ತೆ ಎರಡೂ ಮುಷ್ಟಿ ಕಟ್ಟಿ, ಮೊದಲಿಂದ ಶುರುಮಾಡಿದಳು.