ಹರಳೆಣ್ಣೆಯ ಪದರುಗಳು

ಪದರುಗಣ್ಣು ಕಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅಂಗೈಯಗಲದ ಆ ಯಂತ್ರದಿಂದ ಹೊಮ್ಮಿದ ನೀಲಿ ಬೆಳಕು ಮೇಲುಮನೆಯವರು ಕಾಯುವ ಊರ ಹಿರಿಯರ ಕಲ್ಲಿನ ಕಪ್ಪು ಜಿಡ್ಡಿನೊಳಗೆ ಇಳಿಯುತ್ತಿತ್ತು. ಬೆಟ್ಟದ ಆ ಊರಿನಲ್ಲಿ ಪ್ರತಿ ಹಿರಿಯರ ಹಬ್ಬಕ್ಕೂ ಕಲ್ಲಿಗೆ ಹರಳೆಣ್ಣೆ ತಿಕ್ಕುವುದು ಪದ್ಧತಿ. ಎಣ್ಣೆ ಜಿಡ್ಡುಗಟ್ಟಿ ಪದರವಾಗುತ್ತದೆ, ತಿಕ್ಕಿದ ಕೈಯ ಚರ್ಮದ ಕಣಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಕಣಗಳ ವಂಶವಾಹಿಯನ್ನು ಓದಿ, ಯಾವ ಕಾಲದಲ್ಲಿ ಯಾರ ಮನೆಯ ಕೈ ಎಂದು ಯಂತ್ರ ಹೇಳಿಬಿಡುತ್ತದೆ.

ಅದನ್ನು ಕಂಡುಹಿಡಿದ ಡಾ. ಅನ್ವಿತಾಳನ್ನು ಬೆಟ್ಟ ಹತ್ತಿಸಿದವಳು ಮೇಲುಮನೆಯ ಬಿಂದುಶ್ರೀ. ಅರ್ಧ ಆಯಸ್ಸನ್ನು ಊರಿನ ಚರಿತ್ರೆಯ ಪುಸ್ತಕಕ್ಕೇ ಸವೆಸಿದ ಹೆಂಗಸು. ವಂಶವೃಕ್ಷಕ್ಕೆಂದು ಮನೆಮನೆ ತಿರುಗಿ, ಎಲ್ಲರ ಎಂಜಲಿನ ಮಾದರಿಯನ್ನೂ ಕಲೆಹಾಕಿ ಅನ್ವಿತಾಳಿಗೆ ಕಳಿಸಿದ್ದಳು.

ಹಿಂದೆ ಮಾರಿಬೇನೆ ಬಂದಾಗ ಕೆಳಮನೆಯವರು ಓಡಿಹೋದರು, ಮೇಲುಮನೆಯವರು ಮಾತ್ರ ನಿಂತು ಕಲ್ಲು ಕಾದರು ಎಂಬುದು ಊರಿಗೆಲ್ಲ ಗೊತ್ತಿದ್ದ ಕತೆ. ಅದಕ್ಕೇ ಕೆಳಮನೆಯವರು ಇಂದಿಗೂ ಕಲ್ಲು ಮುಟ್ಟುವಂತಿಲ್ಲ. ಅದಕ್ಕೇ ಬಿಂದುಶ್ರೀಯ ತಾತ, "ಓಡೋದೋರ ಮನೆಗೆ ಹೆಣ್ಣು ಕೊಡಕ್ಕಿಲ್ಲ" ಎಂದು ಕೆಳಮನೆಯ ಲಿಂಗರಾಜುವಿನ ಸಂಬಂಧ ಮುರಿದದ್ದು. ಆಮೇಲೆ ಬಿಂದುಶ್ರೀ ಮದುವೆಯೇ ಆಗಲಿಲ್ಲ. ಮನೆತನದ ಮಾನ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಅನ್ವಿತಾ ತೆರೆಯಿಂದ ತಲೆಯೆತ್ತಿದಳು. "ಮೇಡಂ, ಮಾರಿಬೇನೆ ಕಾಲದ ಪದರುಗಳಲ್ಲಿ ನಿಮ್ಮ ಮನೆಯವರ ಒಂದು ಕೈಯೂ ಇಲ್ಲ. ಅಷ್ಟೂ ವರ್ಷ ಎಣ್ಣೆ ಹಚ್ಚಿರೋದು ಕೆಳಮನೆಯವರು."

"ಯಂತ್ರ ತಪ್ಪಿರಬಹುದಲ್ವಾ?"

"ಮತ್ತೆ ಮತ್ತೆ ನೋಡಿದೆ ಮೇಡಂ."

ಬಿಂದುಶ್ರೀಯ ಅಣ್ಣ ಮಾದೇಶ ನೆಲ ನೋಡುತ್ತ ಕುಳಿತಿದ್ದ. ಅವನ ಮುಖದಲ್ಲಿ ಆಶ್ಚರ್ಯವೇ ಇಲ್ಲದ್ದು ಕಂಡು ಅವಳು ಅವನತ್ತ ತಿರುಗಿದಳು.

"ನಿಂಗೆ ಗೊತ್ತಿತ್ತಾ ಅಣ್ಣ?"

"ತಾತ ಹೇಳಿದ್ರು ಕನವ್ವ. ಓಡಿದ್ದು ನಮ್ಮೋರೇ. ವಾಪಸ್ ಬಂದು ಕತೆ ತಿರುಗಿಸ್ಬುಟ್ರು."

"ಯಾವಾಗ ಹೇಳಿದ್ರು?"

"ನಿನ್ನ ಸಂಬಂಧ ಮುರಿಯೋಕೆ ಮುಂಚೆ." ಅವನು ದನಿ ತಗ್ಗಿಸಿದ. "ಪುಸ್ತಕಕ್ಕೆ ಮಾತ್ರ ಇದ ಹಾಕಬ್ಯಾಡ ಬಿಂದು."

ಸಂಬಂಧ ಮುರಿದ ದಿನ ಅವಳು ಬಿಕ್ಕಿ ಬಿಕ್ಕಿ ಅಳುವಾಗ ಇದೇ ಅಣ್ಣ ಪಕ್ಕದಲ್ಲಿ ಕುಳಿತು ಬೆನ್ನು ಸವರಿದ್ದ. ಎಲ್ಲ ಗೊತ್ತಿದ್ದೂ ಸವರಿದ್ದ! ಬಿಂದುಶ್ರೀ ದಡದಡನೆ ಕೆಳಮನೆಗೆ ಇಳಿದಳು.

ಲಿಂಗರಾಜು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಅವಳು ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. "ನಮ್ಮೋರು ನನಗೆ ಮೋಸ ಮಾಡಿದ್ರು ಲಿಂಗರಾಜು. ಈ ಸಲ ಹಬ್ಬಕ್ಕೆ ಎಣ್ಣೆ ನೀನೇ ಹಚ್ಚಬೇಕು. ಯಂತ್ರವೇ ಹೇಳಿದೆ."

ಅವನ ಕೈ ನಿಲ್ಲಲಿಲ್ಲ. "ಯಂತ್ರ ಈಗ ಹೇಳ್ತು. ನಾನು ಆವತ್ತೇ ಹೇಳಿದ್ನಲ್ಲ, ನಿಮ್ಮ ಹಿತ್ಲ ಹಲಸಿನ ಮರದ ಕೆಳಗೆ. ನಮ್ಮೋರು ಓಡಿಲ್ಲ ಕನಾ, ನಮ್ಮಜ್ಜಿ ಹೇಳವ್ರೆ ಅಂತ."

ಅವಳಿಗೆ ನೆನಪಾಯಿತು. ತಾನು ಕೊಟ್ಟ ಉತ್ತರವೂ ನೆನಪಾಯಿತು: ನಿಮ್ಮನೆಯೋರು ಇನ್ನೇನು ತಾನೇ ಹೇಳ್ತಾರೆ?

"ಊರೋರ ಮನೆ ಕತೆಯೆಲ್ಲಾ ನೀನು ಬರ್ಕೊಂಡೆ," ಎಂದ ಲಿಂಗರಾಜು. "ನಮ್ಮನೆಗೆ ಬಂದಿದ್ದು ಎಂಜಲಿಗೆ ಮಾತ್ರ."

ಬಿಂದುಶ್ರೀ ಮೆಟ್ಟಿಲ ಮೇಲೆ ಕುಳಿತಳು. ಸತ್ತವರ ಕೈಯನ್ನು ಓದಲು ಅಷ್ಟು ದೂರದಿಂದ ಯಂತ್ರ ತರಿಸಿದ್ದಳು. ಎದುರಿಗಿದ್ದ ಜೀವಂತ ಮನುಷ್ಯನನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

"ಈಗ ಹೇಳು ಲಿಂಗರಾಜು, ಬರ್ಕೋತೀನಿ."

ಅವನು ಕಾಳಿನ ಮೊರ ಎತ್ತಿಕೊಂಡು ಎದ್ದ.

"ಯಂತ್ರ ಹೇಳ್ತಲ್ಲ, ಅದನ್ನೇ ಬರ್ಕೊ."