ಹೊಸ್ತಿಲಲ್ಲಿ ಕಾಣದ ಶೂ

"ಒಳಗೆ ದೇವರೇ ಇಲ್ಲ ರೀ! ಯಾರಿಗೆ ಕೈ ಮುಗೀತಿದ್ದೀರಾ?"

ಅಥೆನ್ಸ್‌ನ ಪುರಾತನ ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕನ್ನಡದಲ್ಲೇ ಏನೋ ಬೇಡಿಕೊಳ್ಳುತ್ತ ನಿಂತಿದ್ದ ಕಾತ್ಯಾಯಿನಿ ಬೆಚ್ಚಿ ತಿರುಗಿದಳು. ಇಲ್ಲಿ ಕನ್ನಡ...!

ಹಿಂದೆ ನಿಂತಿದ್ದವನು ನಗುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು.

"ದೇವರು ಹೋದ್ರೆ ಮರ್ಯಾದೆನೂ ಹೋಗ್ಬೇಕಾ?"

ಅವನ ನಗು ನಿಂತಿತು. "ಸಾರಿ..."

ಮೆಲ್ರಾಯ್ ಮಂಗಳೂರಿನವನು. ಡಬ್ಲಿನ್ ಏರ್‌ಪೋರ್ಟ್‌ನಲ್ಲಿ ಕೆಲಸ, ಪಕ್ಕದ ಸೋರ್ಡ್ಸ್‌ನಲ್ಲಿ ಮನೆ. ಅವಳು ಉಡುಪಿಯವಳು, ಅದೇ ಡಬ್ಲಿನ್‌ನ ಸ್ಯಾಂಡಿಫರ್ಡ್‌ನಲ್ಲಿರುವ ಆಫೀಸಿಗೆ ರಜೆ ಹಾಕಿ ಒಬ್ಬಳೇ ಬಂದಿದ್ದಳು. ಒಂದೇ ಊರಿನಲ್ಲಿದ್ದೂ ಸಿಗದವರು ಸಮುದ್ರ ದಾಟಿ ಬಂದು ಸಿಕ್ಕಿದ್ದರು!

ಜಗಳವಾಡುತ್ತಲೇ ಇಬ್ಬರೂ ಪ್ಲಾಕಾದ ಹಳೆಯ ಓಣಿಗಳನ್ನು ಸುತ್ತಿದರು. ಮುರಿದ ಕಂಬದ ನೆರಳಲ್ಲಿ ಕೂತು, ಎಳ್ಳು ಹಚ್ಚಿದ ಒಂದೇ ಬ್ರೆಡ್ಡನ್ನು ಹಂಚಿಕೊಂಡು ತಿಂದರು. ಮರುದಿನ ಮಧ್ಯಾಹ್ನ ಅವನು ಮೆಲ್ಲಗೆ ಹೇಳಿದ.

"ಗುಡ್ಡದ ಮೇಲೆ ಪುಟ್ಟ ಚರ್ಚ್ ನೋಡಿದ್ವಲ್ಲ, ಸಂಜೆ ಅಲ್ಲಿಗೆ ಬನ್ನಿ. ಒಂದು ಮಾತು ಹೇಳ್ಬೇಕು."

ಏನು ಮಾತೆಂದು ಅವಳ ಮನಸ್ಸಿಗೆ ಗೊತ್ತಿತ್ತು. ಆದರೂ ಅದನ್ನು ಅವನ ಬಾಯಿಂದಲೇ ಕೇಳುವ ಆಸೆ... ಸಂಜೆ ಸಿಗುತ್ತೇವಲ್ಲ ಎಂದು ಇಬ್ಬರೂ ಫೋನ್ ನಂಬರ್ ಕೂಡ ಕೇಳಲಿಲ್ಲ.

ಸಂಜೆ ಏದುಸಿರು ಬಿಡುತ್ತಾ ಹತ್ತಿ ಬಂದಳು. ಚರ್ಚಿನ ಹೊಸ್ತಿಲು ನೋಡಿದಳು. ಒಂದು ಜೊತೆ ಶೂ ಕೂಡ ಇಲ್ಲ! ಅವನಿನ್ನೂ ಬಂದಿಲ್ಲವೆಂದು ಮೆಟ್ಟಿಲ ಮೇಲೆ ಕೂತು ಕಾದಳು. ಯಾರೂ ಬರಲಿಲ್ಲ.

'ನಾನೇ ಹುಚ್ಚಿ... ಅವನಿಗೆ ಇದೆಲ್ಲ ಟೈಮ್‌ಪಾಸ್!'

ಕಣ್ಣೊರೆಸಿಕೊಂಡು ಇಳಿದು ಹೋದಳು.

ಮರುದಿನ ಡಬ್ಲಿನ್‌ನಲ್ಲಿ ಇಳಿದು ಹೊರಬಂದರೆ, ಎದುರಿಗೆ ಅವನೇ! ಕಣ್ಣು ಕೆಂಪಾಗಿತ್ತು.

"ಬೆಳಿಗ್ಗೆನೇ ಬಂದಿಳಿದೆ. ನೀವೂ ಇವತ್ತೇ ವಾಪಸ್ ಅಂದಿದ್ರಲ್ಲ, ಆಮೇಲೆ ಬಂದ ಅಥೆನ್ಸ್ ಫ್ಲೈಟ್‌ಗೆಲ್ಲ ಇಲ್ಲೇ ಕಾಯ್ತಾ ಇದೀನಿ. ನಿನ್ನೆ ಯಾಕೆ ಬರ್ಲಿಲ್ಲ?"

"ನಾನು ಬಂದಿದ್ದೆ! ನೀವೇ ಇರ್ಲಿಲ್ಲ."

"ಒಳಗೇ ಇದ್ದೆ ರೀ! ಕ್ಯಾಂಡಲ್ ಹಚ್ಚಿ, ಬಾಗಿಲು ಹಾಕೋವರೆಗೂ ಕೂತಿದ್ದೆ."

"ಸುಳ್ಳು! ಹೊರಗೆ ನಿಮ್ಮ ಶೂ ಇರ್ಲಿಲ್ಲ."

ಅವನು ಬೆಪ್ಪಾಗಿ ತನ್ನ ಕಾಲು ನೋಡಿಕೊಂಡ.

"ಚರ್ಚಿಗೆ ನಾವು ಶೂ ಹಾಕ್ಕೊಂಡೇ ಹೋಗ್ತೀವಿ ಕಣ್ರೀ..."

ಅಯ್ಯೋ! ಇಡೀ ರಾತ್ರಿ ಅತ್ತಿದ್ದು ಇದಕ್ಕಾ? ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಆ ಮಾತು... ಈಗ ಹೇಳಿ."

"ನೀವಂದ್ರೆ ನಂಗೆ ತುಂಬಾ ಇಷ್ಟ. ಒಂದು ರಾತ್ರಿ ಕಳ್ಕೊಂಡಿದ್ದೇ ಸಾಕಾಗೋಯ್ತು."

ಅವಳು ತಲೆ ತಗ್ಗಿಸಿದಳು.

"ಶನಿವಾರ ನಮ್ಮನೆಗೆ ಊಟಕ್ಕೆ ಬಾ." ಬಹುವಚನ ಬಿಟ್ಟುಹೋದದ್ದು ಅವಳಿಗೇ ತಿಳಿಯಲಿಲ್ಲ. "ಶೂ ಮಾತ್ರ ಬಾಗಿಲಲ್ಲೇ ಬಿಡ್ಬೇಕು."

"ಆಯ್ತು. ಮಡಿನಾ?"

"ಅಲ್ಲ... ನೀನು ಒಳಗಿದೀಯ ಅಂತ ನಂಗೆ ಗೊತ್ತಾಗ್ಬೇಕು."